ಲ್ಯಾಪ್‌ಟಾಪ್‌ಗೆ ವೈಫೈ ಬರುತ್ತಿಲ್ಲವೇ? ಮೊದಲು ಕಳ್ಳ ಯಾರು ಅಂತ ಹಿಡಿಯಿರಿ

ಹೋದ ವರ್ಷ ಮಳೆಗಾಲದಲ್ಲಿ ಚಿಕ್ಕಪ್ಪನ ಫೋನ್ ಬಂತು. ಅವರ ಮನೆ ತೀರ್ಥಹಳ್ಳಿ ಕಡೆ, ತೋಟದ ನಡುವೆ.

"ಲ್ಯಾಪ್‌ಟಾಪ್ ಹೋಯ್ತು ಮಾರಾಯ. ನೆಟ್ಟೇ ಬರ್ತಿಲ್ಲ. ಹೊಸದು ಯಾವ್ದು ತಗೊಳ್ಳೋದು ಹೇಳು."

"ಚಿಕ್ಕಪ್ಪ, ನಿಮ್ಮ ಫೋನಿಗೆ ವೈಫೈ ಬರ್ತಿದ್ಯಾ ನೋಡಿ."

"ಬರ್ತಿದೆ, ವಾಟ್ಸಾಪ್ ಎಲ್ಲ ಓಡ್ತಿದೆ."

"ಮೊಬೈಲ್ ಡೇಟಾ ಆಫ್ ಮಾಡಿ ನೋಡಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಓ, ಇದ್ರಲ್ಲೂ ಇಲ್ಲ."

ರಾತ್ರಿ ಗಾಳಿಗೆ ಅಡಿಕೆ ಮರವೊಂದು ಮುರಿದು ಕೇಬಲ್ ಮೇಲೆ ಬಿದ್ದಿತ್ತು. ಲ್ಯಾಪ್‌ಟಾಪ್‌ಗೆ ಏನೂ ಆಗಿರಲಿಲ್ಲ.

ವೈಫೈ ಹೋದಾಗ ನಾವೆಲ್ಲ ಮಾಡುವುದು ಇದನ್ನೇ. ಎಲ್ಲಿ ಕೆಟ್ಟಿದೆ ಅಂತ ನೋಡುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಬಿಚ್ಚಲು ಕೂರುತ್ತೇವೆ. ಲ್ಯಾಪ್‌ಟಾಪ್‌ನಿಂದ ರೂಟರ್‌ವರೆಗೆ, ಅಂದರೆ ಮನೆಯಲ್ಲಿ ವೈಫೈ ಬಿಡುವ ಡಬ್ಬಿಯವರೆಗೆ, ಗಾಳಿಯಲ್ಲಿ ಒಂದು ದಾರಿ. ರೂಟರ್‌ನಿಂದ ಕಂಬದವರೆಗೆ ಕೇಬಲ್‌ನಲ್ಲಿ ಇನ್ನೊಂದು ದಾರಿ. ಅಲ್ಲಿಂದಾಚೆ ಕಂಪನಿಯವರ ಪಾಡು. ಯಾವ ದಾರಿ ಮುರಿದಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಎರಡು ನಿಮಿಷದ ಪರೀಕ್ಷೆ

ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಹಾಕಿ. ಇದುವರೆಗೆ ತೆರೆಯದ ಯಾವುದಾದರೂ ಹೊಸ ಪುಟ ತೆರೆಯಿರಿ. ಮೊದಲೇ ನೋಡಿದ ಪುಟ ಬೇಡ, ಅದು ಫೋನಿನಲ್ಲೇ ಉಳಿದಿದ್ದು ಬಂದು ಮೋಸ ಮಾಡುತ್ತದೆ. ಪುಟ ಬರಲಿಲ್ಲ ಅಂದರೆ ತಪ್ಪು ಬಹುಪಾಲು ಲ್ಯಾಪ್‌ಟಾಪ್‌ನದ್ದಲ್ಲ. ಬಂತು ಅಂದರೆ ಕೇಬಲ್ ಚೆನ್ನಾಗಿದೆ, ಲ್ಯಾಪ್‌ಟಾಪ್ ಕಡೆ ತಿರುಗಿ.

ಈಗ ಉಲ್ಟಾ ಮಾಡಿ. ಮೊಬೈಲ್ ಡೇಟಾ ಮತ್ತೆ ಆನ್ ಮಾಡಿ, ಫೋನಿನ ಹಾಟ್‌ಸ್ಪಾಟ್ ತೆರೆದು ಲ್ಯಾಪ್‌ಟಾಪ್ ಅನ್ನು ಅದಕ್ಕೆ ಜೋಡಿಸಿ. ನೆಟ್ ಬಂದರೆ ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್‌ಗೆ ಏನೂ ಆಗಿಲ್ಲ. ಫೋನಿಗೆ ಮನೆಯ ವೈಫೈ ಬಂದಿದ್ದರೆ, ಆ ಲ್ಯಾಪ್‌ಟಾಪ್‌ಗೂ ನಿಮ್ಮ ರೂಟರ್‌ಗೂ ಮಾತ್ರ ಜಗಳ. ಹಾಟ್‌ಸ್ಪಾಟ್‌ನಲ್ಲೂ ಬರಲಿಲ್ಲವೆಂದರೆ ಲ್ಯಾಪ್‌ಟಾಪ್‌ನ ಒಳಗೇ ಏನೋ ಆಗಿದೆ.

ಈ ಎರಡು ಪರೀಕ್ಷೆ ಮಾಡದೆ ಮುಂದಿನದನ್ನು ಓದಬೇಡಿ. ನಿಜವಾಗಿ ಹೇಳುತ್ತಿದ್ದೇನೆ.

ಫೋನಿಗೂ ಬರುತ್ತಿಲ್ಲ: ದೀಪ ನೋಡಿ

ಈಗ ಹೆಚ್ಚಿನ ಮನೆಗಳಿಗೆ ಬರುವುದು ಫೈಬರ್, ಅಂದರೆ ಬೆಳಕಿನ ಮೂಲಕ ನೆಟ್ ತರುವ ಕೇಬಲ್. ಗೋಡೆಗೆ ಹಾಕಿರುವ ಡಬ್ಬಿಯಲ್ಲಿ ಸಾಲಾಗಿ ದೀಪಗಳಿರುತ್ತವೆ. ಅವುಗಳಲ್ಲಿ ಎರಡು ಮುಖ್ಯ. 'ಪಾನ್' ಎಂದು ಬರೆದಿರುವುದು ಮಿನುಗದೆ ಹಸಿರಾಗಿ ಉರಿಯುತ್ತಿರಬೇಕು. 'ಎಲ್‌ಒಎಸ್' ಎಂದು ಬರೆದಿರುವುದು ಆರಿರಬೇಕು. ಅದು ಕೆಂಪಗೆ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ, ಕಂಬದಿಂದ ಬರಬೇಕಾದ ಬೆಳಕು ಡಬ್ಬಿಗೆ ತಲುಪುತ್ತಿಲ್ಲ ಅಂತ ಅರ್ಥ. ಹತ್ತು ಸಲ ರೀಸ್ಟಾರ್ಟ್ ಮಾಡಿದರೂ ಪ್ರಯೋಜನ ಇಲ್ಲ.

ಕಂಪನಿಗೆ ಫೋನ್ ಮಾಡುವ ಮುಂಚೆ ಒಂದನ್ನು ಮಾತ್ರ ನೋಡಿ. ಡಬ್ಬಿಗೆ ಬರುವ ತೆಳ್ಳಗಿನ ವೈರ್ ಎಲ್ಲಾದರೂ ಮಡಚಿಕೊಂಡಿದೆಯಾ? ಟಿವಿ ಸ್ಟ್ಯಾಂಡ್ ಹಿಂದಕ್ಕೆ ತಳ್ಳಿದಾಗ ಗೋಡೆಗೂ ಸ್ಟ್ಯಾಂಡಿಗೂ ನಡುವೆ ಸಿಕ್ಕಿಕೊಂಡಿದೆಯಾ? ಅದರೊಳಗೆ ಇರುವುದು ಗಾಜಿನ ಎಳೆ. ಚೂಪಾಗಿ ಮಡಚಿದರೆ ಬೆಳಕು ಆ ತಿರುವಿನಲ್ಲೇ ಸೋರಿಹೋಗುತ್ತದೆ, ಎಷ್ಟೋ ಸಲ ಎಳೆಯೇ ಮುರಿಯುತ್ತದೆ. ನಿಧಾನಕ್ಕೆ ಬಿಡಿಸಿ ದೊಡ್ಡ ಸುತ್ತಾಗಿ ಬಿಡಿ. ತುದಿಯನ್ನು ಕಿತ್ತು ಪಂಚೆಯಲ್ಲಿ ಒರೆಸುವುದು, ಒಳಗೆ ಬೆಳಕು ಬರ್ತಿದೆಯಾ ಅಂತ ಕಣ್ಣಿಟ್ಟು ನೋಡುವುದು ಬೇಡ. ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಕಣ್ಣಿಗೆ ಒಳ್ಳೆಯದೂ ಅಲ್ಲ.

ಕೆಂಪು ದೀಪ ಇಲ್ಲ, ಆದರೂ ಯಾರಿಗೂ ನೆಟ್ ಇಲ್ಲ ಅಂದರೆ ಆಗ ರೀಸ್ಟಾರ್ಟ್ ಮಾಡಿ. ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ. ಪೂರ್ತಿ ಎದ್ದು ಕೂರಲು ಮೂರು ನಾಲ್ಕು ನಿಮಿಷ ಬೇಕಾಗುತ್ತದೆ. ನಡುವೆ ಮತ್ತೆ ಮತ್ತೆ ಆಫ್ ಮಾಡಬೇಡಿ.

ಇನ್ನು ಆ ಸೂಜಿ ತೂತಿನ ವಿಷಯ. ಡಬ್ಬಿಯ ಹಿಂದೆ 'ರೀಸೆಟ್' ಅಂತ ಬರೆದ ಒಂದು ಸಣ್ಣ ತೂತು ಇರುತ್ತದೆ. ಅದು ರೀಸ್ಟಾರ್ಟ್ ಬಟನ್ ಅಲ್ಲ. ನಾನು ಒಮ್ಮೆ ಜಾಣತನ ಮಾಡಲು ಹೋಗಿ ಅದಕ್ಕೆ ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಒತ್ತಿದೆ. ವೈಫೈ ಹೆಸರು, ಪಾಸ್‌ವರ್ಡ್ ಹೋದವು, ಅದು ಪರವಾಗಿಲ್ಲ. ಕಂಪನಿಯವರು ಒಳಗೆ ತುಂಬಿಸಿದ್ದ ಯೂಸರ್ ನೇಮ್, ಪಾಸ್‌ವರ್ಡ್ ಕೂಡ ಅಳಿಸಿಹೋದವು. ಅದು ನನ್ನ ಹತ್ತಿರ ಇರಲಿಲ್ಲ. ಶುಕ್ರವಾರ ಸಂಜೆ ಮಾಡಿದ ಕೆಲಸ, ಹುಡುಗ ಬಂದು ಸರಿ ಮಾಡಿದ್ದು ಸೋಮವಾರ ಮಧ್ಯಾಹ್ನ. ಮನೆಯಲ್ಲಿ ಮೂರು ದಿನ ನನ್ನ ಜತೆ ಯಾರೂ ಸರಿಯಾಗಿ ಮಾತಾಡಲಿಲ್ಲ.

ಇನ್ನೊಂದು ಸಣ್ಣ ಕಳ್ಳ ಅಂದರೆ ಅಡಾಪ್ಟರ್. ಸಾಮಾನ್ಯವಾಗಿ ರೂಟರ್‌ಗೆ ಬೇಕಾಗುವುದು 12 ವೋಲ್ಟ್. ಎಷ್ಟು ಆಂಪ್ ಅಂತ ಡಬ್ಬಿಯ ಅಡಿಯಲ್ಲೇ ಬರೆದಿರುತ್ತದೆ. 2 ಆಂಪ್ ಬೇಕಿರುವ ಕಡೆ ಪಿನ್ನು ಹಿಡಿಯಿತು ಅಂತ ಅರ್ಧ ಆಂಪ್‌ನದ್ದು ಸಿಕ್ಕಿಸಿದರೆ, ಎಲ್ಲರೂ ವಿಡಿಯೊ ನೋಡಲು ಕೂತ ಹೊತ್ತಿಗೆ ರೂಟರ್ ತಾನಾಗಿ ಆರಿ ಹತ್ತುತ್ತದೆ. ಕರೆಂಟ್ ಹೋಗಿ ಇನ್ವರ್ಟರ್‌ಗೆ ತಿರುಗುವ ಕ್ಷಣದಲ್ಲೂ ಕೆಲವು ರೂಟರ್‌ಗಳು ಹೀಗೇ ಮಾಡುತ್ತವೆ. ಅಂಥ ಮನೆಗೆ ರೂಟರ್‌ಗೆಂದೇ ಸಿಗುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ಒಳ್ಳೆಯ ಖರ್ಚು.

ಫೋನಿಗೆ ಬರುತ್ತದೆ, ಲ್ಯಾಪ್‌ಟಾಪ್‌ಗೆ ಇಲ್ಲ

ಪರದೆಯ ಮೇಲೆ ಏನು ತೋರಿಸುತ್ತಿದೆ ಅಂತ ಓದಿ. ಮೂರು ಬಗೆ ಇರುತ್ತದೆ, ಮೂರಕ್ಕೂ ಮದ್ದು ಬೇರೆ. ಇಲ್ಲಿ ಹೇಳುವುದು ವಿಂಡೋಸ್ 11ರ ದಾರಿ. ಹಳೆಯ ವಿಂಡೋಸ್‌ನಲ್ಲಿ ಹೆಸರುಗಳು ಸ್ವಲ್ಪ ಆಚೀಚೆ ಇರುತ್ತವೆ.

ಒಂದು: ವೈಫೈ ಪಟ್ಟಿಯೇ ಕಾಣುತ್ತಿಲ್ಲ. ಮೊದಲು ಏರ್‌ಪ್ಲೇನ್ ಮೋಡ್ ನೋಡಿ. ಕೀಬೋರ್ಡ್‌ನ ಮೇಲಿನ ಸಾಲಿನಲ್ಲಿ ವಿಮಾನದ ಗುರುತಿರುವ ಕೀ ಒಂದಿರುತ್ತದೆ. ಮಕ್ಕಳು ಆಟ ಆಡುವಾಗ, ಬೆಕ್ಕು ನಡೆದಾಡುವಾಗ ಅದು ಒತ್ತಿಕೊಳ್ಳುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ಜಾರಿಸುವ ಸಣ್ಣ ಸ್ವಿಚ್ ಇರುತ್ತಿತ್ತು, ಅದನ್ನೂ ಸವರಿ ನೋಡಿ.

ಆಮೇಲೆ ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದಲ್ಲ, ಮೆನುವಿನಲ್ಲಿ 'ರೀಸ್ಟಾರ್ಟ್' ಅಂತಲೇ ಆರಿಸಿ. ಬೇಗ ಏಳಬೇಕು ಅಂತ ವಿಂಡೋಸ್ ಶಟ್‌ಡೌನ್ ಮಾಡುವಾಗ ತನ್ನ ಒಂದು ಭಾಗವನ್ನು ಹಾಗೇ ಎತ್ತಿಟ್ಟುಕೊಳ್ಳುತ್ತದೆ. 'ಫಾಸ್ಟ್ ಸ್ಟಾರ್ಟಪ್' ಅನ್ನುವುದು ಇದನ್ನೇ. ಕೆಟ್ಟ ಸ್ಥಿತಿಯೂ ಅದರ ಜತೆಗೇ ಉಳಿದುಬಿಡುತ್ತದೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. 'ನಾನು ಆಫ್ ಮಾಡಿ ಆನ್ ಮಾಡಿದೆ, ಸರಿ ಹೋಗ್ಲಿಲ್ಲ' ಅನ್ನುವವರಲ್ಲಿ ಎಷ್ಟೋ ಜನ ಮಾಡಿದ್ದು ಶಟ್‌ಡೌನ್.

ಆಗಲೂ ಇಲ್ಲವೇ? ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ನೆಟ್‌ವರ್ಕ್ ಅಡಾಪ್ಟರ್ಸ್' ಸಾಲು ಬಿಚ್ಚಿದಾಗ ವೈಫೈ ಅಥವಾ ವೈರ್‌ಲೆಸ್ ಅಂತ ಇರುವ ಹೆಸರು ಕಾಣಬೇಕು. ಕೆಳಮುಖದ ಬಾಣ ಇದ್ದರೆ ಯಾರೋ ಆಫ್ ಮಾಡಿದ್ದಾರೆ, ರೈಟ್ ಕ್ಲಿಕ್ ಮಾಡಿ 'ಎನೇಬಲ್' ಕೊಡಿ. ಹಳದಿ ಗುರುತು ಇದ್ದರೆ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅದರ ತಕರಾರು. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಿಂದಲೇ ಡ್ರೈವರ್ ತನ್ನಿ, 'ಡ್ರೈವರ್ ಅಪ್‌ಡೇಟ್ ಮಾಡಿಕೊಡುತ್ತೇವೆ' ಅನ್ನುವ ಬೇರೆ ಸಾಫ್ಟ್‌ವೇರ್ ಹಾಕಬೇಡಿ. ನೆಟ್ಟೇ ಇಲ್ಲದೆ ಡ್ರೈವರ್ ತರುವುದು ಹೇಗೆ? ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿದರೆ ಸಾಕು.

ಆ ಪಟ್ಟಿಯಲ್ಲಿ ವೈಫೈ ಹೆಸರೇ ಮಾಯವಾಗಿದ್ದರೆ ಒಂದು ನಾಟಿ ಮದ್ದಿದೆ. ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚೂರುಪಾರು ಕರೆಂಟ್ ಖಾಲಿಯಾಗಿ ಕಾರ್ಡ್ ಮತ್ತೆ ಎಚ್ಚರಾಗುವುದುಂಟು.

ಎರಡು: ಹೆಸರು ಕಾಣುತ್ತದೆ, ಸೇರಿಕೊಳ್ಳುತ್ತಿಲ್ಲ. ಪಾಸ್‌ವರ್ಡ್ ಬದಲಾದ ಮೇಲೆ ಇದು ಮಾಮೂಲು. ವೈಫೈ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಫರ್ಗೆಟ್' ಕೊಡಿ, ಹೊಸದಾಗಿ ಪಾಸ್‌ವರ್ಡ್ ಹಾಕಿ. ಹಾಕುವಾಗ ಪಕ್ಕದ ಕಣ್ಣಿನ ಚಿತ್ರ ಒತ್ತಿ ಏನು ಬೀಳುತ್ತಿದೆ ಅಂತ ನೋಡಿಕೊಳ್ಳಿ. ಕನ್ನಡದಲ್ಲಿ ಟೈಪ್ ಮಾಡುವವರ ಕೀಬೋರ್ಡ್ ಕನ್ನಡದಲ್ಲೇ ನಿಂತಿರುವುದು, ಕ್ಯಾಪ್ಸ್ ಲಾಕ್ ಹತ್ತಿರುವುದು ನಮ್ಮ ಮನೆಯಲ್ಲೇ ಎಷ್ಟು ಸಲ ಆಗಿದೆಯೋ!

ಹೊಸ ರೂಟರ್ ಬಂದ ದಿನದಿಂದ ಹಳೆಯ ಲ್ಯಾಪ್‌ಟಾಪ್ ಮಾತ್ರ ಸೇರುತ್ತಿಲ್ಲ ಅಂದರೆ ಕಾರಣ ಬೇರೆ ಇರಬಹುದು. ಡಬ್ಲ್ಯುಪಿಎ3 ಅನ್ನುವ ಬೀಗದ ಪದ್ಧತಿ ಬಂದದ್ದು 2018ರಲ್ಲಿ. ಅದಕ್ಕಿಂತ ಹಳೆಯ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಅದರ ಭಾಷೆ ಬರುವುದಿಲ್ಲ. ರೂಟರ್ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎ2 ಮತ್ತು 3 ಎರಡೂ ಇರುವ ಆಯ್ಕೆ ಕೊಡಿ. ಬೀಗವೇ ಇಲ್ಲದ 'ಓಪನ್' ಮಾತ್ರ ಬೇಡ.

ನಿಮ್ಮ ರೂಟರ್ ಎರಡು ವೈಫೈ ಹೆಸರು ತೋರಿಸುವಂಥದ್ದಾದರೆ, ಅವುಗಳಲ್ಲಿ ಕೊನೆಗೆ '5ಜಿ' ಅಂತಿರುವುದು ಲ್ಯಾಪ್‌ಟಾಪ್‌ನಲ್ಲಿ ಕಾಣುವುದೇ ಇಲ್ಲವೇ? ಹಾಗಾದರೆ ನಿಮ್ಮ ಕಾರ್ಡ್ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವಂಥದ್ದಿರಬೇಕು. ಅಂದಹಾಗೆ ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಅಂತ. 'ನಮ್ಮೂರಿಗೆ 5ಜಿ ಇನ್ನೂ ಬಂದಿಲ್ಲ, ಅದಕ್ಕೇ ಬರ್ತಿಲ್ಲ' ಅಂತ ನನಗೆ ಒಬ್ಬರು ಬಹಳ ವಿಶ್ವಾಸದಿಂದ ಹೇಳಿದ್ದರು.

ಮೂರು: ಸೇರಿದೆ, ಆದರೆ 'ನೋ ಇಂಟರ್ನೆಟ್' ಅನ್ನುತ್ತದೆ. ಗಡಿಯಾರ ನೋಡಿ. ತಮಾಷೆಯಲ್ಲ. ತಾರೀಖು ತಪ್ಪಾಗಿದ್ದರೆ ಬ್ಯಾಂಕ್, ಮೇಲ್ ಯಾವ ಪುಟವೂ ತೆರೆಯದೆ 'ಸುರಕ್ಷಿತವಲ್ಲ' ಅನ್ನುತ್ತವೆ. ಆಫೀಸಿನ ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಗುಟ್ಟಾದ ದಾರಿ ಮಾಡಿಕೊಡುವ ಸಾಫ್ಟ್‌ವೇರ್) ಇದ್ದರೆ ಅದನ್ನು ಬಿಡಿಸಿ ನೋಡಿ.

ಅದೂ ಸರಿ ಇದ್ದರೆ ನನಗೆ ತುಂಬ ಇಷ್ಟವಾದ ಪರೀಕ್ಷೆ ಮಾಡಿ. ಸ್ಟಾರ್ಟ್ ಒತ್ತಿ ಇಂಗ್ಲಿಷಿನಲ್ಲಿ ಸಿಎಂಡಿ ಎಂಬ ಮೂರು ಅಕ್ಷರ ಹೊಡೆದು ಎಂಟರ್ ಒತ್ತಿ. ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲೇ ಪಿಂಗ್ ಅಂತ ಬರೆದು, ಜಾಗ ಬಿಟ್ಟು, 192.168.1.1 ಹೊಡೆಯಿರಿ. ಇದು ಹೆಚ್ಚಿನ ರೂಟರ್‌ಗಳ ವಿಳಾಸ, ಕೆಲವದ್ದು 192.168.0.1. 'ಕೂ' ಅಂತ ಕೂಗಿ 'ಓ' ಅಂತ ಉತ್ತರ ಬರುತ್ತದಾ ಅಂತ ನೋಡುವ ಹಾಗೆ ಇದು. ನಾಲ್ಕು ಸಲ ಕೂಗುತ್ತದೆ. ರೂಟರ್ ಉತ್ತರ ಕೊಟ್ಟರೆ ಸಾಲಿನಲ್ಲಿ 'ಟೈಮ್' ಮುಂದೆ 2, 3 ಮಿಲಿಸೆಕೆಂಡ್ ಅಂತ ಬರುತ್ತದೆ. ಆಮೇಲೆ 8.8.8.8 ಅನ್ನು ಕೂಗಿ, ಅದು ಗೂಗಲ್‌ನ ಸರ್ವರ್. ಕೊನೆಗೆ ಯಾವುದಾದರೂ ತಾಣದ ಹೆಸರು ಹಾಕಿ ಕೂಗಿ.

ರೂಟರ್ರೇ ಉತ್ತರ ಕೊಡುತ್ತಿಲ್ಲ, ಅಥವಾ 2 ಇರಬೇಕಾದ ಕಡೆ 300 ತೋರಿಸುತ್ತದೆ ಅಂದರೆ ಗಾಳಿಯ ದಾರಿ ಕೆಟ್ಟಿದೆ, ಮುಂದಿನ ಭಾಗ ಓದಿ. 8.8.8.8 ಉತ್ತರ ಕೊಟ್ಟು, ತಾಣದ ಹೆಸರು ಮಾತ್ರ ಸಿಗದಿದ್ದರೆ ಡಿಎನ್‌ಎಸ್ ಕೆಟ್ಟಿದೆ. ಹೆಸರು ಹೇಳಿದರೆ ನಂಬರ್ ಹುಡುಕಿಕೊಡುವ ವಿಳಾಸ ಪುಸ್ತಕ ಅದು. ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್ ಅಂಡ್ ಇಂಟರ್ನೆಟ್', ಅದರಲ್ಲಿ 'ವೈಫೈ', ನಿಮ್ಮ ಕನೆಕ್ಷನ್‌ನ 'ಪ್ರಾಪರ್ಟೀಸ್', ಅಲ್ಲಿ 'ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್' ಪಕ್ಕ 'ಎಡಿಟ್' ಒತ್ತಿ. 'ಮ್ಯಾನ್ಯುವಲ್' ಮಾಡಿ, ಐಪಿವಿ4 ಆನ್ ಮಾಡಿ 8.8.8.8 ಅಥವಾ 1.1.1.1 ಹಾಕಿ. ಅಲ್ಲೇ ಐಪಿವಿ4 ವಿಳಾಸವೂ, ಅಂದರೆ ರೂಟರ್ ಲ್ಯಾಪ್‌ಟಾಪ್‌ಗೆ ಕೊಡುವ ನಂಬರ್, ಕಾಣುತ್ತದೆ. ಅದು 169.254 ಅಂತ ಶುರುವಾಗಿದ್ದರೆ ರೂಟರ್ ವಿಳಾಸ ಕೊಟ್ಟೇ ಇಲ್ಲ, ಲ್ಯಾಪ್‌ಟಾಪ್ ತಾನೇ ಒಂದು ಕಟ್ಟಿಕೊಂಡಿದೆ. ರೂಟರ್ ರೀಸ್ಟಾರ್ಟ್ ಮಾಡಿ, ವೈಫೈ ಫರ್ಗೆಟ್ ಮಾಡಿ ಮತ್ತೆ ಸೇರಿಸಿ.

ಬರುತ್ತದೆ, ಹೋಗುತ್ತದೆ

ಪೂರ್ತಿ ಹೋದರೆ ಒಂಥರಾ ನೆಮ್ಮದಿ. ಮೀಟಿಂಗ್ ನಡುವೆ ಬಂದು ಹೋಗುವುದಿದೆಯಲ್ಲ, ಅದು ಹಿಂಸೆ. ಇದಕ್ಕೆ ನೂರಕ್ಕೆ ಅರವತ್ತು ಪಾಲು ರೂಟರ್ ಇಟ್ಟ ಜಾಗವೇ ಕಾರಣ ಅಂತ ನನ್ನ ಅಂದಾಜು.

ಚಿಕ್ಕಪ್ಪನ ಮನೆಯಲ್ಲಿ ಅದು ಹಾಲ್‌ನ ಶೋಕೇಸಿನ ಒಳಗೆ, ಗಣಪತಿಯ ಹಿಂದೆ ಕೂತಿತ್ತು. ಚೆಂದ ಕಾಣಲ್ಲ ಅಂತ ಚಿಕ್ಕಮ್ಮ ಒಳಗಿಡಿಸಿದ್ದು. ಗೋಡೆಯಾಚೆ ಚಿಕ್ಕಪ್ಪನ ಕೋಣೆ, ಗೋಡೆಗೆ ಒತ್ತಿ ಕಬ್ಬಿಣದ ಬೀರು, ಬೀರುವಿಗೆ ಆಳೆತ್ತರದ ಕನ್ನಡಿ. ಲೋಹಕ್ಕೆ ಬಡಿದ ಸಿಗ್ನಲ್ ವಾಪಸ್ ಹೋಗುತ್ತದೆ, ಕನ್ನಡಿಯ ಹಿಂದಿನ ಲೇಪವೂ ಲೋಹವೇ. ಜತೆಗೆ ಹಳೆ ಮನೆಯ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಲ್ಯಾಪ್‌ಟಾಪ್ ಎಷ್ಟು ಹೊಸದಾದರೂ ಏನು ಮಾಡೀತು? ಕರಾವಳಿಯ ಕೆಂಪು ಕಲ್ಲಿನ ಗೋಡೆ, ಪಟ್ಟಣದ ಕಾಂಕ್ರೀಟು, ನೀರು ತುಂಬಿದ ಟ್ಯಾಂಕು ಎಲ್ಲವೂ ಸಿಗ್ನಲ್ ಕುಡಿಯುತ್ತವೆ. ಶೋಕೇಸಿನಿಂದ ತೆಗೆದು ಬಾಗಿಲ ದಾರಿ ಕಾಣುವ ಹಾಗೆ, ತಲೆಯ ಎತ್ತರಕ್ಕೆ ಮೊಳೆ ಹೊಡೆದು ನೇತುಹಾಕಿದೆವು. ಖರ್ಚು ಎರಡು ಮೊಳೆ. ಚಿಕ್ಕಮ್ಮನ ಸಿಟ್ಟು ಬೇರೆ ಲೆಕ್ಕ.

2.4 ಮತ್ತು 5 ಗಿಗಾಹರ್ಟ್ಸ್, ಈ ಎರಡು ಬ್ಯಾಂಡ್‌ಗಳ ಗುಣ ತಿಳಿದಿರಲಿ. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ನಿಧಾನ. 5 ವೇಗ, ಆದರೆ ಒಂದೆರಡು ಗೋಡೆಗೆ ಸುಸ್ತು. ರೂಟರ್ ಇರುವ ಕೋಣೆಯಲ್ಲೇ ಕೆಲಸ ಮಾಡುವವರು 5ಕ್ಕೆ ಸೇರಿ. ಹಿಂದಿನ ಕೋಣೆಯವರು 2.4ರಲ್ಲಿ ಇರಿ. ಮೈಕ್ರೊವೇವ್ ಓವನ್ ಕೆಲಸ ಮಾಡುವುದೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲೇ. ಅನ್ನ ಬಿಸಿ ಮಾಡುವಾಗಲೇ ಕಾಲ್ ತುಂಡಾಗುತ್ತಿದ್ದರೆ ನೀವು ಕನಸು ಕಾಣುತ್ತಿಲ್ಲ. ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಕೂಡ 2.4ಕ್ಕೆ ಕಿರಿಕಿರಿ ಮಾಡುತ್ತದೆ. ಕಿತ್ತು ನೋಡಿ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ತೊಂದರೆ ಗೋಡೆಯಲ್ಲ, ನೆರೆಹೊರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇಪ್ಪತ್ತಕ್ಕೂ ಜಾಸ್ತಿ ವೈಫೈ ಹೆಸರು ಕಾಣುತ್ತವೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ (ಸಿಗ್ನಲ್ ಓಡಾಡುವ ಓಣಿ) ಇರುವುದು ಮೂರೇ: 1, 6, 11. ಬ್ರೌಸರ್‌ನಲ್ಲಿ ರೂಟರ್ ವಿಳಾಸ ಹೊಡೆದು ಒಳಗೆ ಹೋಗಿ, ವೈರ್‌ಲೆಸ್ ಸೆಟ್ಟಿಂಗ್‌ನಲ್ಲಿ ಈ ಮೂರರಲ್ಲಿ ಒಂದೊಂದನ್ನೇ ಒಂದು ದಿನ ಇಟ್ಟು ನೋಡಿ. ನಡುವಿನ 3, 4 ಯಾರೂ ಬಳಸುತ್ತಿಲ್ಲ ಅಂತ ಅಲ್ಲಿ ಕೂರಬೇಡಿ, ಎರಡೂ ಕಡೆಯ ಗಲಾಟೆ ಕೇಳಬೇಕಾಗುತ್ತದೆ. ತೋಟದ ಮನೆಯವರಿಗೆ ಈ ತಲೆಬಿಸಿ ಇಲ್ಲ.

ಬ್ಯಾಟರಿಯಲ್ಲಿದ್ದಾಗ ಮಾತ್ರ ಕಟ್ ಆಗುತ್ತದೆಯೇ? ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ. 'ಪವರ್ ಮ್ಯಾನೇಜ್‌ಮೆಂಟ್' ಇದ್ದರೆ, ಕರೆಂಟ್ ಉಳಿಸಲು ಇದನ್ನು ಆರಿಸಬಹುದು ಅನ್ನುವ ಟಿಕ್ ತೆಗೆಯಿರಿ.

ದೂರದ ಕೋಣೆಗೆ ಎಕ್ಸ್‌ಟೆಂಡರ್, ಅಂದರೆ ರೂಟರ್‌ನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ, ಕೊಳ್ಳಲು ಎಲ್ಲರೂ ಓಡುತ್ತಾರೆ. ನನಗೆ ಅದರ ಮೇಲೆ ಅಷ್ಟು ಪ್ರೀತಿ ಇಲ್ಲ. ಅಗ್ಗದ್ದು ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಬಾಯಿ ಬಳಸುತ್ತದೆ, ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದು ಲ್ಯಾನ್ ಕೇಬಲ್ ಎಳೆದು ಆ ತುದಿಯಲ್ಲಿ ಹಳೆಯ ರೂಟರ್ ಅನ್ನು ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ಅಲ್ಲಿಂದ ವೈಫೈ ಆಗಿ ಬಿಡುವ ಡಬ್ಬಿ) ಮಾಡಿ ಇಟ್ಟರೆ ಎಷ್ಟೋ ಚೆನ್ನ. 100 ಮೀಟರ್‌ವರೆಗೆ ಎಳೆಯಬಹುದು.

ರಿಪೇರಿ ಅಂಗಡಿಯಿಂದ ಬಂದ ಮೇಲೆ

ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಹೇಳುತ್ತೇನೆ. ನನ್ನ ಲ್ಯಾಪ್‌ಟಾಪ್‌ನ ಪರದೆಯ ಹಿಂಜ್ ಮುರಿದು ಒಂದು ಅಂಗಡಿಯಲ್ಲಿ ಸರಿ ಮಾಡಿಸಿದೆ. ಮನೆಗೆ ಬಂದ ಮೇಲೆ ವೈಫೈ ರೂಟರ್ ಪಕ್ಕ ಕೂತರೆ ಪೂರ್ತಿ, ನಾಲ್ಕು ಹೆಜ್ಜೆ ಆಚೆ ಹೋದರೆ ಸೊನ್ನೆ. ಡ್ರೈವರ್ ಬದಲಾಯಿಸಿದೆ, ವಿಂಡೋಸ್ ಹೊಸದಾಗಿ ಹಾಕಿದೆ. ಒಂದು ವಾರ ಒದ್ದಾಡಿದೆ.

ಲ್ಯಾಪ್‌ಟಾಪ್‌ನ ಆಂಟೆನಾ ಸಾಮಾನ್ಯವಾಗಿ ಪರದೆಯ ಅಂಚಿನಲ್ಲಿರುತ್ತದೆ. ಅಲ್ಲಿಂದ ದಾರದಷ್ಟು ತೆಳುವಾದ ಎರಡು ವೈರ್, ನನ್ನದರಲ್ಲಿ ಒಂದು ಕಪ್ಪು ಒಂದು ಬಿಳಿ, ಹಿಂಜ್ ಮೂಲಕ ಇಳಿದು ವೈಫೈ ಕಾರ್ಡ್‌ಗೆ ಬರುತ್ತವೆ. ತುದಿಯಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡ ಬಂಗಾರ ಬಣ್ಣದ ಟಿಚ್ ಬಟನ್. ಹಿಂದಿನ ಮುಚ್ಚಳ ತೆಗೆದಾಗ ಎರಡೂ ಕಾರ್ಡ್ ಪಕ್ಕದಲ್ಲಿ ಸುಮ್ನೆ ಮಲಗಿದ್ದವು. ಬೆರಳ ತುದಿಯಿಂದ ನೇರವಾಗಿ ಒತ್ತಿದೆ, ಸಣ್ಣಗೆ 'ಟಿಕ್' ಅಂತು. ಹಿಂದಿನ ಕೋಣೆಗೂ ವೈಫೈ ಬಂತು. ನಿಮ್ಮದೂ ರೂಟರ್ ಹತ್ತಿರ ಮಾತ್ರ ಓಡುತ್ತಿದ್ದರೆ, ಇತ್ತೀಚೆಗೆ ಯಾರಾದರೂ ಬಿಚ್ಚಿದ್ದರಾ ಅಂತ ನೆನಪು ಮಾಡಿಕೊಳ್ಳಿ. ವಾರಂಟಿ ಇದ್ದರೆ ಅಥವಾ ಕೈ ನಡುಗಿದರೆ ಅದೇ ಅಂಗಡಿಗೆ ಹೋಗಿ 'ಆಂಟೆನಾ ವೈರ್ ನೋಡಿ' ಅನ್ನಿ.

ಕಾರ್ಡ್ ನಿಜವಾಗಿ ಸತ್ತಿದ್ದರೆ ಹೊಸ ಲ್ಯಾಪ್‌ಟಾಪ್ ಬೇಡ, ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ವೈಫೈ ಡಾಂಗಲ್ ಸಾಕು. ಡಬ್ಬಿಯ ಮೇಲೆ 'ಡ್ಯುಯಲ್ ಬ್ಯಾಂಡ್' ಅಂತ ಇರುವುದನ್ನೇ ತನ್ನಿ.

ಕೊನೆಯ ಅಸ್ತ್ರ 'ನೆಟ್‌ವರ್ಕ್ ರೀಸೆಟ್'. 'ನೆಟ್‌ವರ್ಕ್ ಅಂಡ್ ಇಂಟರ್ನೆಟ್'ನಲ್ಲಿ 'ಅಡ್ವಾನ್ಸ್‌ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್' ಒಳಗಿದೆ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳನ್ನು ಮತ್ತೆ ಹಾಕಬೇಕಾಗುತ್ತದೆ, ವಿಪಿಎನ್ ಕೂಡ ಹೊಸದಾಗಿ ಜೋಡಿಸಬೇಕಾಗಬಹುದು. ಬರೆದಿಟ್ಟುಕೊಂಡು ಒತ್ತಿ.

ಕಂಪನಿಗೆ ಫೋನ್ ಮಾಡಲೇಬೇಕಾದರೆ 'ನೆಟ್ ಇಲ್ಲ' ಅಂತ ಶುರು ಮಾಡಬೇಡಿ, 'ರೀಸ್ಟಾರ್ಟ್ ಮಾಡಿ ಸರ್' ಅಂದು ಇಟ್ಟುಬಿಡುತ್ತಾರೆ. 'ಎಲ್‌ಒಎಸ್ ಕೆಂಪಿದೆ, ಬೆಳಿಗ್ಗೆ ಏಳರಿಂದ, ಯಾವ ಫೋನಿಗೂ ಬರುತ್ತಿಲ್ಲ' ಅನ್ನಿ. ದೀಪದ ಫೋಟೊ ತೆಗೆದಿಡಿ, ದೂರಿನ ನಂಬರ್ ಬರೆದುಕೊಳ್ಳಿ. ಅವರು ಬರುವವರೆಗೆ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವುದಾದರೆ, ಲ್ಯಾಪ್‌ಟಾಪ್‌ನಲ್ಲಿ ಆ ಕನೆಕ್ಷನ್‌ನ ಪ್ರಾಪರ್ಟೀಸ್‌ಗೆ ಹೋಗಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ಇಲ್ಲದಿದ್ದರೆ ದಿನದ 2 ಜಿಬಿಯನ್ನು ವಿಂಡೋಸ್ ಅಪ್‌ಡೇಟ್ ನೀವು ತಿಂಡಿ ತಿಂದು ಬರುವಷ್ಟರಲ್ಲೇ ನುಂಗಿ ಕೂತಿರುತ್ತದೆ.